ಮಗ್ಗುಲ ಪಾಳಿ

ಕರಿಯಣ್ಣ ಮರದಿಂದ ಬಿದ್ದದ್ದು ಕಾಳುಮೆಣಸಿನ ಕೊಯ್ಲು ಇನ್ನೇನು ಮುಗಿಯಿತು ಎನ್ನುವಾಗ. ಬಸರೀಕಟ್ಟೆಯಿಂದ ಆಚೆಗಿನ ಆ ಕಾಫಿ ಎಸ್ಟೇಟಿನಲ್ಲಿ ಅವನಷ್ಟು ಮರ ಹತ್ತಿದವರು ಯಾರೂ ಇರಲಿಲ್ಲ. ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿಯ ಕಾಲು ತರಗೆಲೆಯ ಮೇಲೆ ಜಾರಿತು, ಅಷ್ಟೇ. ಕೆಳಗೆ ಮೆಣಸು ಆರಿಸುತ್ತಿದ್ದ ಹೆಂಡತಿ ಕುಸುಮಾ ತಲೆಯೆತ್ತುವುದರೊಳಗೆ ಅವನು ನೆಲದ ಮೇಲೆ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ. ‘ಕಾಲು ಎಲ್ಲಿದೆ ನೋಡು ಮಾರಾಯ್ತಿ, ಗೊತ್ತಾಗ್ತಾ ಇಲ್ಲ’ ಎಂದ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆನ್ನುಹುರಿ ಹೋಗಿದೆ ಎಂದರು. ಸೊಂಟದಿಂದ ಕೆಳಗೆ ಅವನಿಗೆ ಇನ್ನು ನೋವೂ ಇಲ್ಲ, ಬಿಸಿ ತಂಪಿನ ಅರಿವೂ ಇಲ್ಲ. ಮನೆಗೆ ಕಳಿಸುವ ದಿನ ಅಲ್ಲಿನ ನರ್ಸಮ್ಮ ಕುಸುಮಾಳನ್ನು ಮಂಚದ ಪಕ್ಕ ನಿಲ್ಲಿಸಿಕೊಂಡು ಕಲಿಸಿಕೊಟ್ಟಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಡಕ್ಕೆ, ಆಮೇಲೆ ಅಂಗಾತ, ಆಮೇಲೆ ಬಲಕ್ಕೆ. ತಿರುಗಿಸಿದ ಮೇಲೆ ಬೆನ್ನಿಗೆ ದಿಂಬು ಕೊಡಬೇಕು. ದಿನಾ ಬೆನ್ನು, ಸೊಂಟ, ಹಿಮ್ಮಡಿ ನೋಡಬೇಕು.

‘ಚರ್ಮ ಕೆಂಪಾದ್ರೆ ಅವರಿಗೆ ಗೊತ್ತಾಗಲ್ಲ. ನಿಮ್ಮ ಕಣ್ಣಿಗೇ ಗೊತ್ತಾಗ್ಬೇಕು. ತಿರುಗಿಸೋದು ತಪ್ಪಿದ್ರೆ ಹುಣ್ಣಾಗುತ್ತೆ. ಆ ಹುಣ್ಣು ಒಳಗೆ ಇಳಿಯುತ್ತೆ’ ಎಂದಳು.

ಕುಸುಮಾ ತಪ್ಪಿಸಲಿಲ್ಲ. ಹಗಲು ಅವಳು, ರಾತ್ರಿ ಅರ್ಧ ಅವಳು ಅರ್ಧ ಮಗಳು ಸುಮಲತಾ. ಅಪ್ಪನ ಕೆಳಗೆ ಹಾಸಿದ ದುಪ್ಪಟಿಯನ್ನು ಹಿಡಿದೆಳೆದು ಒಬ್ಬಳೇ ಹೊರಳಿಸುವುದನ್ನು ಸುಮಲತಾ ಕಲಿತಳು. ತೊಳೆಯುವುದು, ಒರೆಸುವುದು, ಮೈ ನೋಡುವುದು ಮಾತ್ರ ಕುಸುಮಾಳ ಪಾಲು. ಬೆಳೆದ ಮಗಳ ಎದುರು ಬಟ್ಟೆ ಸರಿಸಲು ಕರಿಯಣ್ಣ ಒಪ್ಪುತ್ತಿರಲಿಲ್ಲ.

ಅವರಿದ್ದ ಲೈನ್ ಮನೆ, ಕೆಲಸದವರ ಸಾಲುಮನೆಗಳಲ್ಲಿ ಒಂದು, ಎಸ್ಟೇಟಿನದು. ಮನೆಯಿಂದ ಒಬ್ಬರಾದರೂ ಕೆಲಸಕ್ಕೆ ಬರುವಷ್ಟು ಕಾಲ ಅದರಲ್ಲಿ ಇರಬಹುದು. ಹಾಗೆಂದು ರೈಟರ್ ಲಕ್ಷ್ಮೀಶ ಆಸ್ಪತ್ರೆಗೆ ಬಂದಾಗಲೇ ಮೆತ್ತಗೆ ಹೇಳಿ ಹೋಗಿದ್ದ. ಕೆಟ್ಟ ಮನುಷ್ಯನಲ್ಲ, ಎಸ್ಟೇಟಿನ ಲೆಕ್ಕ ಹಿಡಿಯುವವನು, ಅವನ ಮೇಲೂ ಹೇಳುವವರಿದ್ದರು.

ಸುಮಲತಾ ಎರಡನೇ ಪಿಯುಸಿಯಲ್ಲಿ ಇಂಗ್ಲಿಷು, ಅರ್ಥಶಾಸ್ತ್ರ ಎರಡರಲ್ಲೂ ಫೇಲಾಗಿ ಮನೆಯಲ್ಲಿದ್ದಳು. ಆ ಜೂನ್‌ನಲ್ಲಿ ಕೊಪ್ಪದಲ್ಲಿ ಯಾವುದೋ ಹೊಸ ವಿಶ್ವವಿದ್ಯಾಲಯದ ಕೇಂದ್ರ ತೆರೆದಿದೆ ಎಂಬ ಸುದ್ದಿ ಬಂತು. ಓದು ನಿಲ್ಲಿಸಿದವರಿಗೆಂದೇ ಒಂದು ವರ್ಷದ ತರಗತಿ. ಅದನ್ನು ಮುಗಿಸಿದರೆ ನೇರವಾಗಿ ಡಿಗ್ರಿಗೆ ಸೇರಬಹುದು. ಕಾಗದದಲ್ಲಿ ಅದಕ್ಕೆ ಬುನಾದಿ ವರ್ಷ ಎಂದು ಹೆಸರು. ಬಾಯಲ್ಲಿ ಎಲ್ಲರಿಗೂ ಅದು ಫೌಂಡೇಶನ್ನು. ಮಗಳನ್ನು ಸೇರಿಸಲು ಕುಸುಮಾ ಜೊತೆಗೆ ಹೋದಳು. ಹಳೆಯ ಶಾಲಾ ಕಟ್ಟಡದ ಒಂದು ಕೋಣೆಯಲ್ಲಿ ಮಾಲತಿ ಮೇಡಂ ಕೂತಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕೇಂದ್ರ ನೋಡಿಕೊಳ್ಳುವವರು ಅವರೇ. ಅರ್ಜಿ ನೋಡುತ್ತಾ ಸುಮ್ಮನೆ ಮಾತಿಗೆಂಬಂತೆ ‘ನೀವೆಲ್ಲಿ ತನಕ ಓದಿದ್ದೀರಿ?’ ಎಂದು ತಾಯಿಯನ್ನು ಕೇಳಿದರು.

‘ಎಸ್ಸೆಲ್ಸಿ, ಮೇಡಂ. ಫಸ್ಟ್ ಕ್ಲಾಸು.’

‘ಮತ್ತೆ ನೀವೂ ಸೇರಬಹುದಲ್ಲ?’

ಕುಸುಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮನೆಗೆ ಬಂದು ಗಂಡನಿಗೂ ಅದನ್ನೊಂದು ತಮಾಷೆ ಎಂಬಂತೆ ಹೇಳಿದಳು. ಕರಿಯಣ್ಣ ನಗಲಿಲ್ಲ. ಸೂರಿನ ಹಂಚು ನೋಡುತ್ತಾ ಹೇಳಿದ.

‘ಸೇರು.’

‘ಎಂತ ಮಾತು ಅಂತ ಆಡ್ತೀರಿ. ಮೂವತ್ತೆಂಟಾಯ್ತು ನಂಗೆ.’

‘ನಂಗೆ ನಲವತ್ತಾರು. ಮಲಗಿದ್ದೀನಿ. ನೀನೂ ಮಲಗ್ತೀಯಾ?’ ಎಂದ. ‘ಮೆಣಸು ಆರಿಸೋ ಕೆಲಸ ಎಷ್ಟು ವರ್ಷ ಮಾಡ್ತಿ? ಸೊಂಟ ಬಿದ್ದೋದ್ರೆ ಮನೇನೂ ಹೋಯ್ತು. ಸೇರು ಮಾರಾಯ್ತಿ.’

ಮೊದಲ ಆರು ತಿಂಗಳು ಹೇಗೋ ಹೊಂದಿಕೊಂಡಿತು. ವಿದ್ಯಾರ್ಥಿಗಳು ಹೆಚ್ಚಿದ್ದುದರಿಂದ ಎರಡು ತಂಡ ಮಾಡಿದ್ದರು. ಒಂದಕ್ಕೆ ಸೋಮವಾರದಿಂದ ಬುಧವಾರ, ಇನ್ನೊಂದಕ್ಕೆ ಗುರುವಾರದಿಂದ ಶನಿವಾರ. ಕುಸುಮಾ ಮನೆಯ ಪರಿಸ್ಥಿತಿ ಹೇಳಿ ಕೇಳಿಕೊಂಡ ಮೇಲೆ ಮಾಲತಿ ಮೇಡಂ ತಾಯಿ ಮಗಳನ್ನು ಬೇರೆ ಬೇರೆ ತಂಡಕ್ಕೆ ಹಾಕಿದರು. ಮಗಳು ಕೊಪ್ಪಕ್ಕೆ ಹೋಗುವ ದಿನ ತಾಯಿ ಎಸ್ಟೇಟಿನ ಕೆಲಸಕ್ಕೆ. ಮಳೆಗಾಲದ ಕೆಲಸ ಲೈನ್ ಮನೆಗಳ ಹಿಂದೆಯೇ ಇರುತ್ತಿತ್ತು, ಟೀ ಹೊತ್ತಿಗೆ, ಊಟದ ಹೊತ್ತಿಗೆ ಓಡಿ ಬಂದು ಗಂಡನನ್ನು ಹೊರಳಿಸಿ ಹೋಗುತ್ತಿದ್ದಳು. ತಾಯಿ ಬಸ್ ಹತ್ತುವ ದಿನ ಮಗಳು ಮನೆಯಲ್ಲಿ.

ಪಾಠ ಕಡಿಮೆಯಿರಲಿಲ್ಲ. ಒಂದೊಂದು ದಿನ ನಾಲ್ಕು ವಿಷಯ, ಪ್ರತಿ ವಿಷಯಕ್ಕೂ ಮನೆಯಲ್ಲಿ ಬರೆಯುವುದು, ಅದರ ಮೇಲೆ ವಾರಕ್ಕೊಬ್ಬರು ಎದ್ದು ನಿಂತು ಮಾತಾಡಬೇಕು. ಕುಸುಮಾಳ ಸರದಿಯೂ ಬಂತು. ಮಗಳ ವಯಸ್ಸಿನವರ ಎದುರು ಊರಿನ ಹೊಳೆಗೆ ಸೇತುವೆ ಬಂದ ಕತೆ ಹೇಳಿದಳು. ಅವರು ಚಪ್ಪಾಳೆ ಹೊಡೆದರು. ಆ ಚಪ್ಪಾಳೆಯನ್ನು ಅವಳು ಬಸ್ಸಿನಲ್ಲಿ ಮನೆಯ ತನಕ ಹೊತ್ತು ತಂದಳು.

ಸಂಜೆ ಅನ್ನಕ್ಕಿಟ್ಟು ಒಲೆಯ ಮುಂದೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಕರಿಯಣ್ಣ ಕೇಳುತ್ತಿದ್ದ. ಅವನಿಗೆ ಚರಿತ್ರೆ ಹಿಡಿಸಿತು. ‘ಆ ರಾಜ ಆಮೇಲೆಂತ ಮಾಡಿದ? ನಿಲ್ಲಿಸ್ಬೇಡ’ ಎನ್ನುತ್ತಿದ್ದ. ತಾಯಿ ಮಗಳು ಇಂಗ್ಲಿಷಿನ ಉಚ್ಚಾರಕ್ಕೆ ಜಗಳ ಆಡಿದರೆ ಮಧ್ಯೆ ಬಾಯಿ ಹಾಕಿ ತಾನೂ ಒಂದು ತಪ್ಪು ಉಚ್ಚಾರ ಹೇಳಿ ಇಬ್ಬರನ್ನೂ ನಗಿಸುತ್ತಿದ್ದ. ಬಿದ್ದ ಮೇಲೆ ಆ ಮನೆಯಲ್ಲಿ ನಗೆ ಕೇಳಿದ್ದೇ ಆಗ. ಅರ್ಧ ವರ್ಷದ ಪರೀಕ್ಷೆಯಲ್ಲಿ ಸುಮಲತಾ ಇಂಗ್ಲಿಷೂ ಸೇರಿ ಎಲ್ಲದರಲ್ಲೂ ಪಾಸಾದಳು. ಕುಸುಮಾ ತನ್ನ ತಂಡಕ್ಕೇ ಮೊದಲು ಬಂದಳು.

ಎರಡನೆಯ ಅರ್ಧ ಶುರುವಾಗುವ ಮುಂಚಿನ ಶನಿವಾರ ಹೊಸ ಟೈಮ್‌ಟೇಬಲ್ ವಾಟ್ಸಾಪಿಗೆ ಬಂತು. ಲೈನ್ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ ಸಿಗುತ್ತಿತ್ತು. ಸುಮಲತಾ ಅಲ್ಲಿ ನಿಂತು ಓದಿ, ಅಮ್ಮನ ಕೈಗೆ ಫೋನು ಕೊಟ್ಟಳು. ಎರಡು ತಂಡ ಹೋಗಿ ಒಂದಾಗಿತ್ತು. ಇನ್ನು ಎಲ್ಲರಿಗೂ ವಾರಕ್ಕೆ ಐದು ದಿನ. ಸೋಮ, ಮಂಗಳ, ಗುರು ಕೊಪ್ಪ. ಬುಧವಾರ ಕಂಪ್ಯೂಟರ್, ಶೃಂಗೇರಿಯಲ್ಲಿ. ಶುಕ್ರವಾರ ವಿಜ್ಞಾನದ ಪ್ರಯೋಗ, ನರಸಿಂಹರಾಜಪುರದಲ್ಲಿ. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಸಂಜೆಯ ಬಸ್ಸಿಗೇ ವಾಪಸು.

‘ಇದು ಆಗೋ ಕೆಲ್ಸ ಅಲ್ಲಮ್ಮ’ ಎಂದಳು ಸುಮಲತಾ.

ಸೋಮವಾರ ಕುಸುಮಾ ಒಬ್ಬಳೇ ಹೋಗಿ ಮಾಲತಿ ಮೇಡಂ ಎದುರು ನಿಂತಳು. ಮೇಡಂ ಮುಖ ಬಾಡಿತ್ತು. ಮೂರು ಊರಿನ ಕೇಂದ್ರಗಳ ನಡುವೆ ಓಡಾಡುತ್ತಿದ್ದ ಇಬ್ಬರು ಮೇಷ್ಟ್ರುಗಳನ್ನು ಮೇಲಿನವರು ತೆಗೆದುಹಾಕಿದ್ದರು.

‘ನಂಗೆ ಅರ್ಥ ಆಗುತ್ತೆ ಕುಸುಮಾ ಅವರೇ. ಆದ್ರೆ ಒಂದೇ ಪಾಠ ಎರಡೆರಡು ಸಲ ಮಾಡೋಕೆ ಜನ ಇಲ್ಲ. ಇರೋರೇ ದಿನಕ್ಕೊಂದು ಊರು ತಿರುಗ್ತಿದ್ದಾರೆ. ನಾನೂ ಪಾಠಕ್ಕೆ ನಿಂತಿದ್ದೀನಿ.’

‘ಒಬ್ಬೊಬ್ರು ದಿನ ಬಿಟ್ಟು ದಿನ ಬಂದ್ರೆ ಮೇಡಂ? ಅವಳ ನೋಟ್ಸು ನಾನು, ನನ್ನ ನೋಟ್ಸು ಅವಳು...’

‘ಹಾಜರಿ ಎಪ್ಪತ್ತೈದು ಪರ್ಸೆಂಟ್ ಬೇಕು. ಅದು ನನ್ನ ಕೈಲಿಲ್ಲ. ಒಬ್ಬರು ಈ ವರ್ಷ ಬಿಟ್ಟು ಮುಂದಿನ ವರ್ಷ ಬನ್ನಿ.’

‘ಮುಂದಿನ ವರ್ಷ ಇರುತ್ತಾ ಇದು?’

ಮಾಲತಿ ಮೇಡಂ ಕಿಟಕಿಯ ಕಡೆ ನೋಡಿದರು. ‘ಇರುತ್ತೆ ಅಂತ ಹೇಳೋಕಾಗಲ್ಲ’ ಎಂದರು.

ಆ ಸಂಜೆ ಮನೆಯಲ್ಲಿ ತಾಯಿ ಮಗಳು ಇಬ್ಬರೂ ತಾನು ಬಿಡುತ್ತೇನೆ ತಾನು ಬಿಡುತ್ತೇನೆ ಎಂದರು. ಮಗಳು ‘ಇಲ್ಲ, ನೀನು ಹೋಗು’ ಎಂದಾಗ ಕುಸುಮಾಳಿಗೆ ಒಳಗೆಲ್ಲೋ ಹಗುರವಾಗುತ್ತಿತ್ತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಕರಿಯಣ್ಣ ಇಬ್ಬರ ಮಾತನ್ನೂ ಕೇಳಿ ಕೊನೆಗೆ ಗದರಿದ.

‘ಸಾಕು ಸುಮ್ನಿರಿ. ಇಬ್ರೂ ಹೋಗಿ. ಪಕ್ಕದ ಮನೆ ವೀರಬಸಮ್ಮ ಇದ್ದಾಳಲ್ಲ. ಅವಳು ಬಂದು ಹೊರಳಿಸ್ತಾಳೆ. ನಾನು ಕೇಳಿದ್ದೀನಿ.’

ವೀರಬಸಮ್ಮ ಹಾವೇರಿ ಕಡೆಯವಳು. ಗಂಡ ಮಗುವಿನ ಜೊತೆ ಬಂದು ಕಾಫಿ ಕೊಯ್ಲಿಗೆ ನಿಂತು, ಇಲ್ಲೇ ಉಳಿದುಬಿಟ್ಟಿದ್ದಳು. ಗಟ್ಟಿ ತೋಳು. ಆಗ ಕೊಯ್ಲು ಲೈನಿನ ಹಿಂದಿನ ತೋಟದ ತಾಕಿನಲ್ಲೇ ನಡೆದಿತ್ತು, ಮಧ್ಯೆ ಓಡಿ ಬರಬಹುದಿತ್ತು. ‘ಅಣ್ಣಾರ್ನ ನಾ ನೋಡ್ಕೋತೀನಿ, ನೀವ್ ಅವ್ವ ಮಗಳು ಸಾಲಿಗೆ ಹೋಗ್ರಿ’ ಎಂದು ಅವಳು ನಗುತ್ತಲೇ ಒಪ್ಪಿಕೊಂಡಳು. ಲಕ್ಷ್ಮೀಶನೂ ಒಂದು ದಾರಿ ಮಾಡಿಕೊಟ್ಟ. ‘ಶನಿವಾರ ಭಾನುವಾರ ತಾಯಿ ಮಗಳು ಇಬ್ರೂ ಲೈನಿನ ಹತ್ತಿರದ ಕೊಯ್ಲಿಗೇ ಬನ್ನಿ, ಮಧ್ಯೆ ಮನೆಗೆ ಹೋಗಿ ನೋಡ್ಕೊಳ್ಳಿ. ಮನೆ ಬಿಡಿ ಅಂತ ನಾನು ಹೇಳಲ್ಲ’ ಎಂದ.

ಹಾಗೆ ವಾರದ ಏಳು ದಿನವೂ ತುಂಬಿಹೋಯಿತು. ಕುಸುಮಾ ಕತ್ತಲಿರುವಾಗಲೇ ಎದ್ದು ಗಂಡನ ಮೈ ಒರೆಸಿ, ಎಡಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಕೈಗೆಟುಕುವಲ್ಲಿ ಗಂಜಿ ನೀರು ಇಟ್ಟು ಬಸ್ಸಿಗೆ ಓಡುತ್ತಿದ್ದಳು. ಬಸ್ಸಿನಲ್ಲಿ ನಿಂತುಕೊಂಡೇ ಪಾಠ ಓದುವುದು. ಶುಕ್ರವಾರ ನರಸಿಂಹರಾಜಪುರದಿಂದ ಹಿಂದಿರುಗುವಾಗ ತಾಯಿ ಮಗಳು ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಹೋಗಿ, ಬಸ್ ಬದಲಿಸಬೇಕಾದ ಜಯಪುರ ಬಂದರೆ ಕಂಡಕ್ಟರೇ ಎಬ್ಬಿಸಬೇಕಿತ್ತು. ದಿನಾ ಬೆಳಕಿನಲ್ಲಿ ಗಂಡನ ಮೈ ನೋಡುವುದು ವಾರಕ್ಕೊಮ್ಮೆಗೆ ಬಂತು, ಭಾನುವಾರ ಕೊಯ್ಲಿಗೆ ಹೋಗುವ ಮುಂಚೆ. ಉಳಿದ ದಿನ ದೀಪದ ಬೆಳಕಿನಲ್ಲಿ ಕೈಗೆ ಸಿಕ್ಕಷ್ಟು ಒರೆಸುತ್ತಿದ್ದಳು.

ಫೆಬ್ರವರಿಯ ಒಂದು ಸಂಜೆ ಮನೆಗೆ ಬಂದಾಗ ಗಂಡ ಎಡ ಮಗ್ಗುಲಲ್ಲೇ ಇದ್ದ. ದಿಂಬೂ ಅವಳು ಬೆಳಿಗ್ಗೆ ಕೊಟ್ಟ ಹಾಗೇ ಇತ್ತು. ಅದರ ಮೂಲೆಯನ್ನು ಅವಳು ಅವಸರದಲ್ಲಿ ಮಡಚಿ ಒತ್ತಿದ್ದಳು. ಆ ಮಡಿಕೆಯೂ ಬಿಚ್ಚಿರಲಿಲ್ಲ.

‘ವೀರಬಸಮ್ಮ ಬರ್ಲಿಲ್ವಾ?’

‘ಬಂದಿದ್ಲಲ್ಲ. ಮೂರು ಸಲ ಬಂದ್ಲು. ಈಗ ಸಂಜೆ ಮತ್ತೆ ಈ ಕಡೆ ಹಾಕಿ ಹೋದ್ಲು’ ಎಂದ ಕರಿಯಣ್ಣ. ‘ಅದಿರ್ಲಿ, ಇವತ್ತು ಎಂತ ಪಾಠ ಆಯ್ತು?’

ಕುಸುಮಾ ಹೇಳತೊಡಗಿದಳು. ಮರುದಿನ ಶೃಂಗೇರಿಗೆ ಹೋಗಬೇಕಿತ್ತು, ಕಂಪ್ಯೂಟರಿನಲ್ಲಿ ಒಂದು ಪತ್ರ ಬೆರಳಚ್ಚು ಮಾಡಿ ತೋರಿಸಬೇಕಿತ್ತು. ಬೇಲಿಯಾಚೆಗೇ ಇದ್ದ ವೀರಬಸಮ್ಮನ ಮನೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮುಂದಿನ ವಾರವೂ ಹಾಗೇ ದಿಂಬು ಕಂಡಿತು. ಆಗಲೂ ಕೇಳಲಿಲ್ಲ. ಆ ಭಾನುವಾರ ಎಡ ಸೊಂಟದ ಮೂಳೆಯ ಮೇಲೆ ಒಂದು ಕೆಂಪು ಗುರುತು ಕಂಡದ್ದಕ್ಕೆ ಕೊಬ್ಬರಿ ಎಣ್ಣೆ ಸವರಿ ಕೊಯ್ಲಿಗೆ ಹೋದಳು.

ಆ ವಾರ ಅವನಿಗೆ ಚಳಿ ಬರತೊಡಗಿತು. ‘ಇಬ್ಬನಿ ಬೀಳ್ತಿದೆ ಅಲ್ವಾ, ಅದಕ್ಕೆ’ ಎಂದು ಕಂಬಳಿ ಕೇಳಿ ಹೊದ್ದುಕೊಂಡ. ಊಟ ಕಡಿಮೆ ಮಾಡಿದ. ಪಾಠ ಕೇಳುವುದನ್ನು ಮಾತ್ರ ಬಿಡಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿಟ್ಟುಕೊಂಡು ಅವನನ್ನು ಬಲಕ್ಕೆ ಹೊರಳಿಸಿದಾಗ ಮೊದಲು ವಾಸನೆ ಬಂತು. ದುಪ್ಪಟಿ ಸೊಂಟಕ್ಕೆ ಅಂಟಿತ್ತು. ನೀರು ಹಾಕಿ ನಿಧಾನಕ್ಕೆ ಬಿಡಿಸಿದಳು. ಕೆಂಪಿದ್ದ ಜಾಗ ಅಂಗೈಯಷ್ಟಗಲ ಕಪ್ಪಾಗಿತ್ತು, ಸುತ್ತ ಊದಿತ್ತು. ಬೆರಳು ತಾಗಿಸಿದರೆ ಒಳಗಿನಿಂದ ಕೀವು ಬಂತು. ಕರಿಯಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡು ‘ಎಂತ ಆಯ್ತು? ಎಂತಾದ್ರೂ ಇದ್ಯಾ?’ ಎಂದು ಕೇಳುತ್ತಿದ್ದ. ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಲಕ್ಷ್ಮೀಶ ಎಸ್ಟೇಟಿನ ಜೀಪು ಕೊಟ್ಟ. ಹಿಂದಿನ ಸೀಟಿನಲ್ಲಿ ಅವನನ್ನು ಮಗ್ಗುಲಾಗಿ ಮಲಗಿಸಿ, ತಲೆ ತೊಡೆಯ ಮೇಲಿಟ್ಟುಕೊಂಡು ಕುಸುಮಾ ಕೂತಳು. ಕೊಪ್ಪದ ಆಸ್ಪತ್ರೆಯಲ್ಲಿ ನೋಡಿದವರು ನಿಲ್ಲಿಸಿಕೊಳ್ಳದೆ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಎಳೆಯ ಡಾಕ್ಟರೊಬ್ಬ ಸತ್ತ ಮಾಂಸ ಕತ್ತರಿಸಿ ತೆಗೆದ. ಒಳಗೆ ಮೂಳೆ ಕಂಡಿತು.

‘ಮಗ್ಗುಲು ಬದಲಿಸ್ತಾ ಇದ್ದವರು ಯಾರಮ್ಮ?’ ಎಂದು ಕೇಳಿದ.

‘ನಾವೇ’ ಎಂದಳು ಕುಸುಮಾ.

ಅವನು ಅವಳ ಮುಖ ನೋಡಿದ. ನಂಜು ರಕ್ತಕ್ಕೆ ಸೇರಿದೆ, ನೋಡೋಣ ಎಂದ.

ಎರಡು ದಿನದ ಮೇಲೆ ಜ್ವರ ತುಸು ಇಳಿದಾಗ ಕರಿಯಣ್ಣ ಅವಳನ್ನು ಹತ್ತಿರ ಕರೆದ. ‘ವೀರಬಸಮ್ಮನ್ನ ಬೈಬೇಡ’ ಎಂದ. ‘ವಾರದ ದಿನ ಅವಳ ಗುಂಪನ್ನ ಮೇಲಿನ ತಾಕಿಗೆ ಹಾಕಿದ್ರು. ಬೆಳಿಗ್ಗೆ ಜೀಪಲ್ಲಿ ಕರ್ಕೊಂಡೋದ್ರೆ ಸಂಜೇನೇ ಬಿಡೋದು. ಅವಳು ಬಂದು ಹೇಳಿದ್ಲು, ಅಕ್ಕಂಗೆ ಹೇಳ್ತೀನಿ ಅಂದ್ಲು. ನಾನೇ ಹೇಳ್ಬಾರ್ದು ಅಂತ ಅವಳ ಮಗು ಮೇಲೆ ಆಣೆ ಹಾಕಿಸ್ದೆ.’

‘ಯಾಕೆ?’ ಎಂದಳು ಕುಸುಮಾ.

‘ಹೇಳಿದ್ರೆ ನೀವಿಬ್ರಲ್ಲಿ ಒಬ್ರು ಬಿಡ್ತಿದ್ರಿ.’

‘ಬಿಟ್ರೆ ಬಿಡ್ತಿದ್ವಿ! ಯಾರು ಕೇಳಿದ್ರು ನಿಮ್ಮನ್ನ?’ ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು ಮಾತು.

ಅವನು ಕಣ್ಣು ಮುಚ್ಚಿಕೊಂಡ. ‘ಸಂಜೆ ನೀವು ಬಂದು ಪಾಠದ್ದು ಮಾತಾಡ್ತಿದ್ರಲ್ಲ. ಇಡೀ ದಿನ ನಾನು ಅದಕ್ಕೇ ಕಾಯ್ತಿದ್ದೆ ಮಾರಾಯ್ತಿ. ಆ ಮನೇಲಿ ಬೇರೆ ಎಂತ ಇತ್ತು ಹೇಳು.’

ಜ್ವರ ಮತ್ತೆ ಏರಿತು. ಆಮೇಲೆ ಅವನು ಸರಿಯಾಗಿ ಮಾತಾಡಲಿಲ್ಲ. ಎಸ್ಟೇಟಿನಲ್ಲಿ ಕಾಫಿಗೆ ಹೂ ತರುವ ಮಾರ್ಚಿನ ಮಳೆಗೆ ಕಾಯುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ತೀರಿಕೊಂಡ.

ಮಣ್ಣು ಮಾಡಿ ಬಂದ ದಿನ ವೀರಬಸಮ್ಮ ಮಗುವನ್ನು ಎತ್ತಿಕೊಂಡು ಬಂದು ಬಾಗಿಲಲ್ಲೇ ಕುಸಿದು ಕೂತಳು. ‘ಆಣಿ ಹಾಕ್ಸಿದ್ರವ್ವಾ, ನನ್ನ ಕೂಸಿನ ಮ್ಯಾಲ. ನಾ ಏನ್ ಮಾಡ್ಲಿ. ಏನ್ ಮಾಡ್ಲಿ ಹೇಳು’ ಎಂದು ಹಣೆ ಹಣೆ ಬಡಿದುಕೊಂಡಳು. ಕುಸುಮಾಳಿಗೆ ಅವಳ ಮೇಲೆ ಸಿಟ್ಟು ಬರಲಿ ಎಂದು ಅನಿಸಿತು. ಬರಲಿಲ್ಲ. ಮಗುವನ್ನು ಇಸಿದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡಳು.

ಹನ್ನೆರಡು ದಿನದ ಕಾರ್ಯ ಮುಗಿದ ಮೇಲೆ ಮಾಲತಿ ಮೇಡಂ ಫೋನು ಬಂತು. ಆಸ್ಪತ್ರೆಯ ಕಾಗದ ಕೊಟ್ಟರೆ ಇಬ್ಬರ ಹಾಜರಿಯನ್ನೂ ಸರಿಮಾಡಿಸಬಹುದು, ಆದರೆ ಇನ್ನು ಒಂದು ದಿನವೂ ತಪ್ಪಬಾರದು ಎಂದರು. ಕಣದ ಮೂಲೆಯಲ್ಲಿ ನಿಂತು ಕೇಳಿಸಿಕೊಂಡ ಕುಸುಮಾ ‘ಬರ್ತೀವಿ ಮೇಡಂ’ ಎಂದಳು. ಎಂದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಮಂಚ ಖಾಲಿಯಾದ ಮನೆಯಲ್ಲಿ ಆ ಹನ್ನೆರಡು ದಿನವೂ ಅವಳ ಕಣ್ಣು ಪುಸ್ತಕದ ಚೀಲದ ಕಡೆ ಹೋಗುತ್ತಿತ್ತು. ಅತ್ತು ಅತ್ತು ಸುಸ್ತಾದಾಗ ಏನಾದರೂ ಓದಬೇಕು ಎನಿಸುತ್ತಿತ್ತು. ಇದೆಂಥ ಹೆಂಗಸು ನಾನು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು, ಮತ್ತೆ ಅತ್ತಲೇ ನೋಡುತ್ತಿದ್ದಳು.

ಸುಮಲತಾ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು.

‘ಸೋಮವಾರದಿಂದ ಹೋಗ್ಬೇಕಂತೆ’ ಎಂದಳು ಕುಸುಮಾ.

‘ನೀನು ಹೋಗು.’

‘ಇಬ್ರಿಗೂ ಹೇಳಿದ್ದಾರೆ.’

‘ನಾನು ರೈಟರ್‌ಗೆ ಹೇಳಿ ಆಯ್ತು. ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ. ಕೊಯ್ಲು ಮುಗೀತು, ಇನ್ನು ಶನಿವಾರ ಭಾನುವಾರದ ಲೆಕ್ಕ ನಡೆಯಲ್ಲ. ಮನೆ ಉಳೀಬೇಕಲ್ಲ.’

‘ಮನೆ ಉಳಿಸೋಕೆ ನಾನು ಕೆಲಸ ಮಾಡ್ತೀನಿ. ನೀನು ಚಿಕ್ಕವಳು, ನೀನು ಓದ್ಬೇಕು. ಅಪ್ಪ ಅಷ್ಟು ಮಾಡಿದ್ದು ಯಾಕೆ ಅಂತ...’

ಸುಮಲತಾ ತಿಕ್ಕುತ್ತಿದ್ದ ತಪ್ಪಲೆಯನ್ನು ಕಲ್ಲಿನ ಮೇಲೆ ಕುಕ್ಕಿದಳು. ‘ಅಪ್ಪನ ಹೆಸ್ರು ಹೇಳ್ಬೇಡ. ದಿಂಬು ಬೆಳಿಗ್ಗೆ ಇಟ್ಟಲ್ಲೇ ಇರ್ತಿತ್ತು ಅಮ್ಮ. ನಂಗೆ ಗೊತ್ತಿತ್ತು. ವೀರಬಸಕ್ಕ ಜೀಪು ಹತ್ತೋದನ್ನ ನಾನು ಒಂದಿನ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಹೇಳಿದ್ರೆ ನಾನೇ ಬಿಡ್ಬೇಕಾಗುತ್ತೆ ಅಂತ ಹೇಳ್ಲಿಲ್ಲ. ನೀನೇ ಫಸ್ಟ್ ಬಂದೋಳು, ನಾನು ತಾನೇ ಬಿಡ್ಬೇಕಾದೋಳು. ನಂಗೂ ಬಿಡೋಕೆ ಮನಸ್ಸಿರ್ಲಿಲ್ಲ.’

ನಲ್ಲಿಯ ನೀರು ತುಂಬಿದ ಬಕೆಟ್ಟಿನಿಂದ ಹೊರಗೆ ಹರಿಯುತ್ತಿತ್ತು.

‘ನೀನೂ ನೋಡಿದ್ದೆ’ ಎಂದಳು ಸುಮಲತಾ ತಗ್ಗಿದ ದನಿಯಲ್ಲಿ. ‘ನೋಡಿದ್ದೆ ತಾನೇ?’

ಇಲ್ಲ ಎನ್ನಬಹುದಿತ್ತು. ಮಗಳಿಗೆ ಸುಳ್ಳು ಹೇಳಲು ಅವಳ ನಾಲಿಗೆ ಒಂದು ಕ್ಷಣ ಸಿದ್ಧವೂ ಆಯಿತು.

‘ಹೂಂ’ ಎಂದಳು. ‘ನೋಡಿದ್ದೆ.’

ಸುಮಲತಾ ನಲ್ಲಿ ನಿಲ್ಲಿಸಿ, ಪಾತ್ರೆ ಬುಟ್ಟಿಗೆ ಹಾಕಿಕೊಂಡು ಒಳಗೆ ಹೋದಳು. ಇಬ್ಬರೂ ಆ ದಿನ ಊಟ ಮಾಡಿದರು, ಚಾಪೆ ಹಾಸಿದರು. ಆ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ, ಬೇರೆ ಮಾತೂ ಹೆಚ್ಚು ಬರಲಿಲ್ಲ.

ಕುಸುಮಾ ಸೋಮವಾರ ಬಸ್ ಹತ್ತಿದಳು. ಗಂಡ ಸತ್ತು ತಿಂಗಳಾಗಿಲ್ಲ, ಚೀಲ ಹಾಕ್ಕೊಂಡು ಹೊರಟ್ಲು ನೋಡು ಎಂದು ಲೈನಿನ ಹೆಂಗಸರು ಅವಳಿಗೆ ಕೇಳುವ ಹಾಗೇ ಆಡಿಕೊಂಡರು. ಅವರು ಹೇಳಿದ್ದು ಸುಳ್ಳೆಂದು ಅವಳಿಗೆ ಅನಿಸಲಿಲ್ಲ. ತರಗತಿಯಲ್ಲಿ ಮಗಳು ಕೂರುತ್ತಿದ್ದ ಜಾಗದಲ್ಲಿ ಬೇರೆ ಹುಡುಗಿ ಬಂದು ಕೂತಳು. ಚರಿತ್ರೆಯ ಪಾಠ ನಡೆಯುವಾಗ ಇದನ್ನು ಸಂಜೆ ಹೇಳಬೇಕು ಎಂದು ಅಭ್ಯಾಸಕ್ಕೆ ಮನಸ್ಸು ಎತ್ತಿಡುತ್ತಿತ್ತು. ಯಾರಿಗೆ ಎಂದು ನೆನಪಾಗುವ ಹೊತ್ತಿಗೆ ಮೇಷ್ಟ್ರು ಮುಂದೆ ಹೋಗಿಬಿಟ್ಟಿರುತ್ತಿದ್ದರು. ಮನೆಯಲ್ಲಿ ಗಟ್ಟಿಯಾಗಿ ಓದುವುದನ್ನು ಬಿಟ್ಟಳು.

ಮೇ ತಿಂಗಳಲ್ಲಿ ನರಸಿಂಹರಾಜಪುರದಲ್ಲಿ ಪರೀಕ್ಷೆ ಬರೆದಳು. ಮಳೆ ಹಿಡಿದ ಮೇಲೆ ಫಲಿತಾಂಶ ಬಂತು. ಪಾಸಾಗಿದ್ದಳು. ಮೊದಲಿನಷ್ಟು ಅಂಕವಿರಲಿಲ್ಲ, ಆದರೂ ಡಿಗ್ರಿಗೆ ಸಾಕಿತ್ತು. ಕೊಪ್ಪದ ಕೇಂದ್ರದಲ್ಲಿ ಮಾಲತಿ ಮೇಡಂ ಬೆಂಚುಗಳನ್ನು ಗೋಡೆಗೆ ಸರಿಸಿ ಬೀರುವಿನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಸುತ್ತಿದ್ದರು.

‘ಈ ವರ್ಷದಿಂದ ಬುನಾದಿ ವರ್ಷ ಇಲ್ಲ. ಮೂರೂ ಕಡೆ ಮುಚ್ಚಿದ್ರು’ ಎಂದರು. ‘ನನ್ನನ್ನು ಎಲ್ಲಿಗೆ ಹಾಕ್ತಾರೋ ಇನ್ನೂ ಗೊತ್ತಿಲ್ಲ. ನೀವು ಡಿಗ್ರಿ ಅರ್ಜಿ ಇವತ್ತೇ ಕೊಟ್ಟು ಹೋಗಿ.’

‘ಮತ್ತೆ ಸುಮಾ, ಮೇಡಂ? ಅವಳ ಅರ್ಧ ವರ್ಷ ಪಾಸಾಗಿದೆಯಲ್ಲ.’

‘ಅರ್ಧ ವರ್ಷಕ್ಕೆ ಬೆಲೆ ಇಲ್ಲ ಕುಸುಮಾ ಅವರೇ’ ಎಂದರು ಅವರು. ಹೇಳುವಾಗ ಅವರ ಕಣ್ಣು ಪೆಟ್ಟಿಗೆಯ ಮೇಲೇ ಇತ್ತು.

ಅರ್ಜಿ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಬಂದಳು. ಸುಮಲತಾ ನರ್ಸರಿಯ ಚಪ್ಪರದ ಕೆಳಗೆ ಇನ್ನೂ ಏಳೆಂಟು ಜನ ಹೆಂಗಸರ ಜೊತೆ ಕೂತು ಕಾಫಿ ಸಸಿಗೆಂದು ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬುತ್ತಿದ್ದಳು. ತಲೆಗೆ ಅಪ್ಪನ ಹಳೆಯ ಟವೆಲು ಸುತ್ತಿಕೊಂಡಿದ್ದಳು. ನಾಲ್ಕು ತಿಂಗಳಲ್ಲಿ ಅವಳ ಉಗುರಿನ ಸಂದೆಲ್ಲ ಕಪ್ಪಾಗಿತ್ತು.

‘ಪಾಸಾಯ್ತು’ ಎಂದಳು ಕುಸುಮಾ.

‘ಹೂಂ.’

‘ಅಲ್ಲಿ ಮುಚ್ಚಿದ್ರಂತೆ. ಇನ್ನು ಇಲ್ವಂತೆ.’

ಸುಮಲತಾಳ ಕೈ ಒಂದು ಗಳಿಗೆ ನಿಂತಿತು. ಮತ್ತೆ ಮಣ್ಣು ಬಾಚಿ ತೊಟ್ಟೆಗೆ ಹಾಕಿ, ಬುಡ ಕುಟ್ಟಿ, ಸಾಲಿನಲ್ಲಿ ನಿಲ್ಲಿಸಿದಳು. ‘ನೀನು ಡಿಗ್ರಿಗೆ ಹಾಕಿದ್ಯಾ?’

‘ಹಾಕ್ದೆ.’

ಪಕ್ಕದಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿ ಕೇಳುತ್ತಿದ್ದರು. ಕುಸುಮಾ ಚೀಲವನ್ನು ಚಪ್ಪರದ ಕಂಬಕ್ಕೆ ತಗುಲಿಸಿ, ಸೀರೆ ಎತ್ತಿ ಕಟ್ಟಿ, ಮಗಳ ಎದುರಿಗೆ ಮಣ್ಣಿನ ಗುಡ್ಡೆಯ ಆಚೆ ಕೂತಳು. ಒಂದು ತೊಟ್ಟೆ ಕೈಗೆ ತೆಗೆದುಕೊಂಡು ಬಾಯಿ ಬಿಡಿಸಿದಳು.

‘ಇವತ್ತು ರೈಟರ್ ಪುಸ್ತಕದಲ್ಲಿ ನಿಂಗೆ ಹಾಜರಿ ಇಲ್ಲ’ ಎಂದಳು ಸುಮಲತಾ.

‘ಗೊತ್ತು.’

ಮಗಳು ತುಸು ಹೊತ್ತಾದ ಮೇಲೆ ಮಣ್ಣು ಮುಗಿಯಿತೆಂದು ಎದ್ದು, ಬಾಂಡ್ಲಿ ಹಿಡಿದು, ಮಳೆಯಲ್ಲೇ ಮಣ್ಣು ಅಗೆಯುವ ಗುಂಡಿಯ ಕಡೆ ನಡೆದಳು.